ಹಿತ್ತಾಳೆ ಮುಚ್ಚಳ

ಚಾಮರಾಜಪೇಟೆಯ ಮರಿಯಣ್ಣನಿಗೆ ಕಾರು ಅಂದರೆ ಪ್ರಾಣ. ಅದು ಅವನ ಸ್ವಂತದ್ದಲ್ಲ ಅನ್ನುವುದು ಬೇರೆ ಮಾತು. ನಗರ್ತಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಶಂಭುಲಿಂಗಪ್ಪನವರ ಮನೆಯ ಡ್ರೈವರು ಅವನು. ಆದರೆ ಅವನ ಬಾಯಲ್ಲಿ ಅದು ಯಾವತ್ತೂ ಯಜಮಾನರ ಕಾರು ಆಗಲಿಲ್ಲ, ನಮ್ಮ ಗಾಡಿ ಎಂದೇ ಅನ್ನುತ್ತಿದ್ದ. ಬೆಳಿಗ್ಗೆ ಎದ್ದು ತನ್ನ ಮುಖ ತೊಳೆಯುವ ಮೊದಲು ಗಾಡಿ ತೊಳೆಯುವ ಆಸಾಮಿ. ಹೆಂಡತಿ ಪಿಳ್ಳಮ್ಮ, ಕಟ್ಟಿಕೊಂಡವಳ ಮುಖವನ್ನು ಒಂದು ದಿನವಾದರೂ ಹೀಗೆ ನೋಡಿದ್ದುಂಟಾ ಎಂದು ಹಂಗಿಸುತ್ತಿದ್ದಳು. ಅವಳು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕೆಂಗೇರಿ ಆಚೆಯ ಹಳ್ಳಿಯಿಂದ ಅವನು ಈ ಮನೆಗೆ ಬಂದದ್ದು ಎತ್ತಿನ ಗಾಡಿ ಹೊಡೆಯಲು. ಬಂದ ಹೊಸದರಲ್ಲೇ ವಿಷಮಶೀತ ಜ್ವರ ಹತ್ತಿ, ಇವತ್ತೋ ನಾಳೆಯೋ ಅನ್ನುವ ಹಾಗಾಯಿತು. ಯಜಮಾನಿ ದಾಕ್ಷಾಯಣಮ್ಮ ಅವನನ್ನು ಊರಿಗೆ ಸಾಗಹಾಕಲಿಲ್ಲ. ಹಿತ್ತಲ ಕೋಣೆಯಲ್ಲಿ ಮಲಗಿಸಿ, ಕೈಯಾರೆ ಗಂಜಿ ಕುಡಿಸಿ, ಹಣೆಗೆ ವಿಭೂತಿ ಹಚ್ಚಿ ಬದುಕಿಸಿಕೊಂಡರು. ಆಮೇಲೆ ಅವನಿಗೆ ಮೋಟಾರು ಓಡಿಸುವುದನ್ನು ಕಲಿಸಿ ಎಂದು ಗಂಡನಿಗೆ ಗಂಟುಬಿದ್ದವರೂ ಆಕೆಯೇ, ಹೆಣ್ಣು ನೋಡಿ ಮದುವೆ ಮಾಡಿಸಿದವರೂ ಆಕೆಯೇ. ದೇವರು ಅಂದರೆ ಮರಿಯಣ್ಣನಿಗೆ ಮೊದಲು ನೆನಪಾಗುತ್ತಿದ್ದದ್ದು ಆಯಮ್ಮನ ಮುಖ.

ಯುದ್ಧದ ಕಾಲದಲ್ಲಿ ಊರು ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಯಜಮಾನರು ಆ ಕಪ್ಪು ಕಾರನ್ನು ಕೊಂಡರು. ಅದೇ ವರ್ಷ ಮಗ ಮಲ್ಲಿಕಾರ್ಜುನಯ್ಯನ ಮದುವೆಯಾಗಿ ತುಮಕೂರಿನಿಂದ ಸೊಸೆ ಸರ್ವಮಂಗಳಾ ಬಂದಳು. ಪೆಟ್ರೋಲಿಗೆ ರೇಷನ್ ಇದ್ದ ದಿನಗಳು ಅವು. ಯಾರೋ ಕಳ್ಳರು ಟ್ಯಾಂಕಿನಿಂದ ಪೆಟ್ರೋಲು ಇಳಿಸಿಕೊಂಡದ್ದು ಸಾಲದು ಅಂತ ಅದರ ಮುಚ್ಚಳವನ್ನೂ ಹೊತ್ತುಕೊಂಡು ಹೋದರು. ಯುದ್ಧದಲ್ಲಿ ಬಿಡಿಭಾಗ ಎಲ್ಲಿಂದ ಸಿಗಬೇಕು? ಪೇಟೆಯ ಪಾತ್ರೆ ಕೆಲಸದವನೊಬ್ಬ ಹಿತ್ತಾಳೆಯಲ್ಲಿ ಮುಚ್ಚಳ ಮಾಡಿ, ಒಳಗೆ ತೊಗಲಿನ ವಾಷರ್ ಕೂರಿಸಿ ಕೊಟ್ಟ. ನಡುವೆ ಮರಿಯಣ್ಣ ಹೇಳಿದಂತೆ ಒಂದು ಸೂಜಿತೂತು, ಅದರ ಸುತ್ತ ಯಾರೂ ಹೇಳದೆಯೇ ಕೆತ್ತಿದ ಹೂವಿನ ಎಸಳು. ಕಾರಿನ ಹಿಂಭಾಗದಲ್ಲಿ ಅದು ದೇವರ ಮುಖವಾಡದ ಹಾಗೆ ಫಳಫಳ ಹೊಳೆಯುತ್ತಿತ್ತು. ಮರಿಯಣ್ಣ ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದ.

ಸರ್ವಮಂಗಳೆಯ ಚೊಚ್ಚಲು ಹೆರಿಗೆ ತವರಿನಲ್ಲೇ ಆಗಿತ್ತು. ಮಗು ಉಸಿರಾಡದೆಯೇ ಹುಟ್ಟಿತು. ಯುದ್ಧ ಮುಗಿದ ಮರುವರ್ಷ ಅವಳು ಮತ್ತೆ ಬಸುರಿಯಾದಾಗ ಮನೆಯಲ್ಲಿ ಸಂತೋಷಕ್ಕಿಂತ ಹೆದರಿಕೆಯೇ ಜಾಸ್ತಿ. ಯಜಮಾನರ ಅಕ್ಕ ಶೈಲಜಮ್ಮ ವಿಶ್ವೇಶ್ವರಪುರದಿಂದ ಬಂದು ನಡುಮನೆಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂರುತ್ತಿದ್ದರು. ಈ ಸಲವೂ ಹಾಗೇ ಆದರೆ ಮಲ್ಲಿಕಾರ್ಜುನನಿಗೆ ಬೇರೆ ಹೆಣ್ಣು ತರಬೇಕಾಗುತ್ತದೆ ಎಂದು ಸೊಸೆಯ ಕಿವಿಗೆ ಬೀಳುವ ಹಾಗೆಯೇ ಹೇಳಿದರು. ನೆಲಮಂಗಲದಲ್ಲಿ ಆಗಲೇ ಒಂದು ಹೆಣ್ಣನ್ನೂ ಗೊತ್ತು ಮಾಡಿಕೊಂಡಿದ್ದರಂತೆ. ಬಸುರಿ ಹೆಂಗಸಿನ ಮುಂದೆ ಆಡುವ ಮಾತಾ ಅದು? ಶಂಭುಲಿಂಗಪ್ಪನವರು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮಲ್ಲಿಕಾರ್ಜುನಯ್ಯನಂತೂ ಅಪ್ಪನ ಮುಂದೆ ಬಾಯಿ ಬಿಡುವ ಗಂಡಸೇ ಅಲ್ಲ.

ತವರಿನಲ್ಲಿ ಹೀಗಾಯಿತಲ್ಲ ಎಂದು ಈ ಸಲ ಹೆರಿಗೆಗೆ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ಲೇಡಿ ಡಾಕ್ಟರ ನರ್ಸಿಂಗ್ ಹೋಮು ಗೊತ್ತಾಯಿತು. ಆಗಾಗ್ಗೆ ತೋರಿಸಿಕೊಂಡು ಬರಬೇಕು. ಸೊಸೆ ಹೊರಡುವ ದಿನ ದಾಕ್ಷಾಯಣಮ್ಮ ಲಿಂಗಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಬಟ್ಟಲಲ್ಲಿ ಹಿಡಿದು ಹೊರಗೆ ಬರುವರು. ಮೊದಲು ಸೊಸೆಯ ಹಣೆಗೆ, ಆಮೇಲೆ ಗಾಡಿಯ ಬಾನೆಟ್ಟಿಗೆ, ಚಕ್ರಗಳಿಗೆ, ಕೊನೆಗೆ ಹಿಂದೆ ಹೋಗಿ ಆ ಹಿತ್ತಾಳೆ ಮುಚ್ಚಳಕ್ಕೆ ಮೂರು ಬೆರಳಿನ ಪಟ್ಟೆ ಎಳೆದು ಕಣ್ಣಿಗೆ ಒತ್ತಿಕೊಳ್ಳುವರು. ಗಾಡಿ ಉಣ್ಣುವ ಬಾಯಿ ಅದು, ಅದಕ್ಕೇ ಮುಖ್ಯವಾಗಿ ರಕ್ಷೆ ಬೇಕು ಎನ್ನುವುದು ಆಕೆಯ ಲೆಕ್ಕಾಚಾರ.

ಮೊದಲ ಸಲವೇ ಗಾಡಿ ಕಬ್ಬನ್ ಪಾರ್ಕಿನ ಒಳಗೆ ಕೈಕೊಟ್ಟಿತು. ಕೋಟೆ ದಾಟಿ, ಮಾರ್ಕೆಟ್ಟು ದಾಟಿ ಚೆನ್ನಾಗಿ ಓಡುತ್ತಿದ್ದ ಕಾರು ಆ ದೊಡ್ಡ ಮರಗಳ ನೆರಳಿಗೆ ಬರುತ್ತಲೇ ಇದ್ದಕ್ಕಿದ್ದಂತೆ ದಮ್ಮು ಕಳೆದುಕೊಂಡಿತು. ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗಿತು, ಮುಗ್ಗರಿಸಿತು, ಸದ್ದಿಲ್ಲದೆ ನಿಂತುಬಿಟ್ಟಿತು. ರೇಷನ್ ಕಾಲದ ಡ್ರೈವರಿಗೆ ಗಾಡಿ ನಿಂತರೆ ಮೊದಲ ಅನುಮಾನ ಪೆಟ್ರೋಲಿನ ಮೇಲೆ. ಮರಿಯಣ್ಣ ಸೀಟಿನ ಕೆಳಗಿಂದ ಬಿದಿರು ಕಡ್ಡಿ ತೆಗೆದುಕೊಂಡು ಹಿಂದಕ್ಕೆ ಹೋದ. ಆಯಮ್ಮ ಹಚ್ಚಿದ ವಿಭೂತಿ ಅಳಿಸಬಾರದೆಂದು ಮುಚ್ಚಳದ ಅಂಚು ಮಾತ್ರ ಹಿಡಿದು ತಿರುಗಿಸಿ ತೆಗೆದ. ಕಡ್ಡಿ ಅದ್ದಿ ನೋಡಿದರೆ ಪೆಟ್ರೋಲು ಬೇಕಾದಷ್ಟಿತ್ತು. ಮುಚ್ಚಳ ಹಾಕಿ, ಬಾನೆಟ್ ಎತ್ತಿ, ಕಾರ್ಬುರೇಟರ್ ಬಿಚ್ಚಿ ಬಾಯಿಂದ ಊದಿ ಮತ್ತೆ ಕೂರಿಸಿದ. ಗಾಡಿ ಏನೂ ಆಗದ ಹಾಗೆ ಹೊರಟಿತು. ಕಾರ್ಬುರೇಟರಿನಲ್ಲಿ ಕಸ ಇತ್ತು ಎಂದು ಅವನು ಸಮಾಧಾನ ಮಾಡಿಕೊಂಡ.

ಮುಂದಿನ ಸಲವೂ ನಿಂತಿತು, ಅದೇ ಮರಗಳ ಕೆಳಗೆ. ಅದರ ಮುಂದಿನ ಸಲ ಬರುವಾಗಲೂ ಒಮ್ಮೆ ನಿಂತಿತು. ಅದೇ ಗಾಡಿ ಯಜಮಾನರನ್ನು ಅಂಗಡಿಗೆ ಕರೆದೊಯ್ಯುವಾಗ, ಮಲ್ಲಿಕಾರ್ಜುನಯ್ಯನನ್ನು ಮೆಜೆಸ್ಟಿಕ್ ಕಡೆ ಸಿನಿಮಾಕ್ಕೆ ಬಿಡುವಾಗ ಒಂದು ದಿನವೂ ತಕರಾರು ಮಾಡುತ್ತಿರಲಿಲ್ಲ. ಕಲಾಸಿಪಾಳ್ಯದ ವರ್ಕ್‌ಷಾಪಿನ ವರದರಾಜ ಗಾಡಿಯನ್ನು ಚೆನ್ನಾಗಿ ತೊಳೆಸಿ, ಪ್ಲಗ್ಗು, ಪಂಪು, ಪೈಪು ಎಲ್ಲ ಕಳಚಿ ಜೋಡಿಸಿ, ಊರೆಲ್ಲ ಸುತ್ತಿಸಿ ನೋಡಿದ. ಗಾಡಿಯಲ್ಲಿ ಏನೂ ಇಲ್ಲ ಎಂದು ಕೈ ತೊಳೆದುಕೊಂಡ. ಪರೀಕ್ಷೆ ಮಾಡಿಯೇಬಿಡೋಣ ಎಂದು ಶಂಭುಲಿಂಗಪ್ಪನವರು ಸೀರೆ ನೇಯಿಸಲು ದೊಡ್ಡಬಳ್ಳಾಪುರಕ್ಕೆ ಅದೇ ಗಾಡಿಯಲ್ಲಿ ಹೋಗಿ ಬಂದರು. ಒಂದು ಕಡೆಯಾದರೂ ಕೆಮ್ಮಬಾರದೇ ಅದು! ಕೆಮ್ಮಲಿಲ್ಲ.

ಮನೆಯಲ್ಲಿ ಇಷ್ಟು ದಿನ ಯಾರೂ ಬಾಯಿಬಿಟ್ಟು ಆಡದಿದ್ದ ಮಾತನ್ನು ಅವತ್ತು ಸಂಜೆ ಶೈಲಜಮ್ಮ ಆಡಿದರು. ದೋಷ ಗಾಡಿಯದ್ದಲ್ಲ, ಕೂತವಳ ಕಾಲ್ಗುಣದ್ದು. ಹೊಟ್ಟೆಯಲ್ಲಿದ್ದ ಮಗು ಉಸಿರು ನಿಲ್ಲಿಸಿತು, ಈಗ ಕೂತ ಗಾಡಿಯೂ ಉಸಿರು ನಿಲ್ಲಿಸುತ್ತಿದೆ, ಇನ್ನೇನು ಸಾಕ್ಷಿ ಬೇಕು ಎಂದರು. ಸರ್ವಮಂಗಳಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ದಾಕ್ಷಾಯಣಮ್ಮ ಕೆಟ್ಟವರಲ್ಲ. ಸೊಸೆಯ ಪರವಾಗಿ ಜಗಳಕ್ಕೆ ನಿಲ್ಲುವ ಧೈರ್ಯ ಇರಲಿಲ್ಲ, ಅಷ್ಟೇ. ಮುಂದಿನ ಸಲದಿಂದ ವಿಭೂತಿಯನ್ನು ಇನ್ನಷ್ಟು ಗಟ್ಟಿಯಾಗಿ ತೇಯ್ದು ಇನ್ನಷ್ಟು ದಪ್ಪಗೆ ಹಚ್ಚತೊಡಗಿದರು.

ಮರಿಯಣ್ಣನಿಗೂ ಒಳಗೊಳಗೇ ಭಯ ಹತ್ತಿತು. ಕನ್ನಡಿಯಲ್ಲಿ ಹಿಂದೆ ಕೂತ ಹೆಣ್ಣುಮಗಳ ಮುಖ ಕಂಡರೆ ಕಣ್ಣು ತಪ್ಪಿಸುತ್ತಿದ್ದ. ತನ್ನ ಮಗಳಂಥವಳನ್ನು ಕಂಡು ಹೀಗೆ ಹೆದರುವುದು ನಾಚಿಕೆಗೇಡು ಎಂದು ಗೊತ್ತಿದ್ದೂ ಹೆದರುತ್ತಿದ್ದ. ಒಂದು ದಿನ ಗಾಡಿ ನಿಂತಾಗ ಅವಳು, ಜೊತೆಗೆ ಬಂದಿದ್ದ ಅತ್ತೆ ಮರದ ಕೆಳಗೆ ಹೋಗಿ ನಿಂತಿದ್ದ ಹೊತ್ತು ನೋಡಿ, ಮೆಲ್ಲಗೆ ಕೇಳಿದಳು.

"ಮರಿಯಣ್ಣ, ನನ್ನಿಂದಾನೇ ಹೀಗಾಗೋದು ಅಂತ ನಿಂಗೂ ಅನ್ಸುತ್ತಾ?"

ಅವನು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುತ್ತಾರೆ, ಕಾಲವೇ ಕೆಟ್ಟಿದೆ ಎಂದೇನೋ ಗೊಣಗಿದ.

ಹೆರಿಗೆಯ ದಿನ ಹತ್ತಿರ ಬಂತು. ಇನ್ನೇನೇ ಆಗಲಿ, ಪೆಟ್ರೋಲಿನ ಕೊರತೆಯಂತೂ ಆಗಬಾರದೆಂದು ಮರಿಯಣ್ಣ ಕೂಪನ್ನು ಕೂಡಿಟ್ಟು ಟ್ಯಾಂಕು ತುಂಬ ತುಂಬಿಸಿದ. ಮಾರನೆಯ ಬೆಳಿಗ್ಗೆಯೇ ಸರ್ವಮಂಗಳೆಗೆ ನೋವು ಶುರುವಾಯಿತು. ಗಂಡಸರಿಬ್ಬರೂ ಅಂಗಡಿಗೆ ಹೊರಟುಹೋಗಿದ್ದರು. ದಾಕ್ಷಾಯಣಮ್ಮ ಅವಸರದಲ್ಲಿ ವಿಭೂತಿ ತೇಯ್ದರು. ಅವತ್ತು ಮೂರು ಪಟ್ಟೆಯಲ್ಲ, ಮುಚ್ಚಳದ ಹೂವಿನ ಎಸಳೂ ಕಾಣದ ಹಾಗೆ ಪೂರಾ ಮೆತ್ತಿದರು. ಶಿವಾ, ಇವತ್ತೊಂದು ದಿನ ಕಾಪಾಡು ಎಂದು ಕಾರಿನ ಹಿಂಭಾಗಕ್ಕೆ ಹಣೆ ಹಚ್ಚಿ ಬೇಡಿಕೊಂಡರು. ಆಮೇಲೆ ಸೊಸೆಯನ್ನು ತೊಡೆಗೆ ಒರಗಿಸಿಕೊಂಡು ಕೂತರು.

ಅವತ್ತು ಗಾಡಿ ಪಾರ್ಕಿನೊಳಕ್ಕೆ ನುಗ್ಗುವ ತನಕವೂ ಕಾಯಲಿಲ್ಲ. ಅಂಚಿನಲ್ಲೇ ಏದುಸಿರು ಬಿಟ್ಟು ನಿಂತಿತು.

ಮರಿಯಣ್ಣ ಹಾರಿ ಇಳಿದ. ನಿನ್ನೆ ತಾನೇ ಕಂಠಮಟ್ಟ ತುಂಬಿಸಿದವನು, ಪೆಟ್ರೋಲು ನೋಡುವ ಗೊಡವೆಗೆ ಹೋಗಲಿಲ್ಲ. ನೇರವಾಗಿ ಬಾನೆಟ್ ಎತ್ತಿ ಕಾರ್ಬುರೇಟರ್ ಬಿಚ್ಚಿದ, ಊದಿದ, ಕೂರಿಸಿದ. ಹ್ಯಾಂಡಲ್ ಹಾಕಿ ತಿರುಗಿಸಿದ. ಗಾಡಿ ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಬಿಚ್ಚಿದ, ಮತ್ತೆ ಊದಿದ. ಹಿಂದಿನ ಸೀಟಿನಿಂದ ನರಳಾಟ ಕೇಳುತ್ತಿತ್ತು. ಆಗ ದಾರಿಯಲ್ಲಿ ಒಂದು ಖಾಲಿ ಜಟಕಾ ಬಂತು. ದಾಕ್ಷಾಯಣಮ್ಮ ಅದನ್ನಾದರೂ ನಿಲ್ಲಿಸು ಎಂದರು. ಮರಿಯಣ್ಣನ ಹಮ್ಮು ಬಿಡಬೇಕಲ್ಲ. ಯಾವಾಗಲೂ ಹೊರಟಿದೆ, ಈಗಲೂ ಹೊರಟೇ ಹೊರಡುತ್ತದೆ, ಜಟಕಾದ ಕುಲುಕಾಟಕ್ಕೆ ಚಿಕ್ಕ ಅಮ್ಮಾವ್ರನ್ನು ಹಾಕುವುದು ಬೇಡ ಎಂದು ಕೈ ಬೀಸಿ ಅದನ್ನು ಮುಂದಕ್ಕೆ ಕಳಿಸಿಬಿಟ್ಟ. ಜಟಕಾ ಮರಗಳ ಆಚೆ ಮರೆಯಾಯಿತು. ಆಮೇಲೆ ಇನ್ನೊಂದು ಬರಲಿಲ್ಲ.

ಹ್ಯಾಂಡಲ್ ತಿರುಗಿಸಿ ತಿರುಗಿಸಿ ಅವನ ತೋಳು ಸೋತಿತು. ಬಿಸಿಲು ಏರಿತು. ಇವತ್ತು ಇದು ಹೊರಡುವುದಿಲ್ಲ ಎಂದು ಮೊದಲ ಸಲ ಅವನಿಗೆ ಖಾತ್ರಿಯಾಯಿತು. ದಾಕ್ಷಾಯಣಮ್ಮ ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳುತ್ತಲೇ ಇದ್ದರು. ಆಗ ಸರ್ವಮಂಗಳಾ ಅತ್ತೆಯ ತೊಡೆಯಿಂದ ತಲೆ ಎತ್ತಿ, ಹಲ್ಲು ಕಚ್ಚಿಕೊಂಡೇ ಕರೆದಳು.

"ಮರಿಯಣ್ಣ, ನೀನು ಹಿಂದಿನ ಮುಚ್ಚಳ ತೆಗೀಲಿಲ್ಲ."

ಟ್ಯಾಂಕು ತುಂಬಿದೆ ಅಮ್ಮಾವ್ರೇ ಎಂದು ಅವನು ಅಳುವ ದನಿಯಲ್ಲಿ ಹೇಳಿದ.

"ಇರ್ಲಿ, ತೆಗಿ. ನಿಂತಾಗೆಲ್ಲಾ ಅದನ್ನ ತೆಗೀತಿದ್ದೆ. ತೆಗೆದಾಗ ನನ್ನ ಬೆನ್ನ ಹಿಂದೆ ಉಸ್ ಅಂತ ಸದ್ದಾಗೋದು. ಆಮೇಲೇ ಗಾಡಿ ಹೊರಡ್ತಿದ್ದದ್ದು."

ಆ ಸದ್ದನ್ನು ಮರಿಯಣ್ಣನೂ ಕೇಳಿದ್ದ. ಬಿಸಿಲಿಗೆ ಪೆಟ್ರೋಲು ಆವಿಯಾಡುತ್ತದೆ ಎಂದುಕೊಂಡು ಸುಮ್ಮನಿದ್ದ. ಈಗ ಓಡಿಹೋಗಿ ಮುಚ್ಚಳ ತಿರುಗಿಸಿದ. ಬಿಗಿಯಾಗಿ ಹಿಡಿದುಕೊಂಡಿದ್ದ ಅದು ಕಿತ್ತು ಬರುತ್ತಲೇ ಗಾಳಿ ಉಸ್ಸೆಂದು ಒಳಕ್ಕೆ ನುಗ್ಗಿತು. ಹೊರಕ್ಕೆ ಬಂದದ್ದಲ್ಲ, ಒಳಕ್ಕೆ ಹೋದದ್ದು. ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದ. ಸೂಜಿತೂತಿನ ಒಳತನಕ ವಿಭೂತಿ ಗಾರೆಯ ಹಾಗೆ ಒಣಗಿ ಕೂತಿತ್ತು. ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಹೋಗದಿದ್ದರೆ ಮಿಕ್ಕ ಪೆಟ್ರೋಲು ಇಂಜಿನ್ನಿಗೆ ಬರುವುದಿಲ್ಲ. ಆ ತೂತು ಇರುವುದೇ ಅದಕ್ಕೆ. ತೂತು ಹಾಕಿಸಿದವನೇ ಅದನ್ನು ಮರೆತಿದ್ದ. ದಿನಾ ಬೆಳಿಗ್ಗೆ ತಾನೇ ತೊಳೆದು ಉಜ್ಜುತ್ತಿದ್ದದ್ದರಿಂದ ಗಂಡಸರು ಕೂತಾಗ ಗಾಡಿ ಓಡುತ್ತಿತ್ತು. ಸೊಸೆ ಕೂತಾಗ ಮಾತ್ರ ನಿಲ್ಲುತ್ತಿತ್ತು, ಯಾಕೆಂದರೆ ಅವಳಿಗಾಗಿ ಮಾತ್ರ ಆ ತಾಯಿ ವಿಭೂತಿ ಹಚ್ಚುತ್ತಿದ್ದರು.

ಅವನು ತಲೆವಸ್ತ್ರದಿಂದ ಗಸಗಸ ಒರೆಸಿ, ಕಡ್ಡಿಯ ಸಿಬಿರಿನಿಂದ ತೂತು ಚುಚ್ಚಿ ಬಿಡಿಸಿದ. ಹ್ಯಾಂಡಲ್ ಎರಡು ಸುತ್ತು ತಿರುಗುವಷ್ಟರಲ್ಲಿ ಗಾಡಿ ಹೊರಟಿತು. ಸೀಟಿಗೆ ಬಂದು ಕೂತಾಗ ಕನ್ನಡಿಯಲ್ಲಿ ದಾಕ್ಷಾಯಣಮ್ಮನ ಮುಖ ಕಂಡಿತು. ಅವರು ಹಿಂದಿನ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದರು. ತುಟಿ ಅಲುಗುತ್ತಿತ್ತು, ಮಂತ್ರ ಮಾತ್ರ ಬರುತ್ತಿರಲಿಲ್ಲ.

ಗಂಡು ಮಗು. ಮೈಕೈ ತುಂಬಿಕೊಂಡ ಮಗು, ದಾಕ್ಷಾಯಣಮ್ಮನದೇ ಮೂಗು. ಅಳಲೇ ಇಲ್ಲ. ಇನ್ನೊಂದಿಷ್ಟು ಮುಂಚೆ ಬಂದಿದ್ದರೆ ಉಳಿಸಿಕೊಳ್ಳಬಹುದಿತ್ತು ಎಂದು ಲೇಡಿ ಡಾಕ್ಟರು ಹೇಳಿ ಒಳಗೆ ಹೋದರು. ತಾಯಿ ಉಳಿದಳು.

ನರ್ಸಿಂಗ್ ಹೋಮಿನ ಜಗಲಿಯ ಮೂಲೆಯಲ್ಲಿ ದಾಕ್ಷಾಯಣಮ್ಮ ಡ್ರೈವರ ಎದುರು ಬಂದು ನಿಂತರು. ಆ ಮನೆಗೆ ತಾನು ಬಂದಂದಿನಿಂದ ಆಕೆ ಅವನ ಮುಂದೆ ಹಾಗೆ ತಲೆ ತಗ್ಗಿಸಿ ನಿಂತದ್ದನ್ನು ಅವನು ಕಂಡಿರಲಿಲ್ಲ.

"ನನ್ನ ಕೈಯಾರೆ ಆಯ್ತು ಅಂತ ಅವರಿಗೆ ಗೊತ್ತಾದ್ರೆ ನಾನು ಉಳಿಯಲ್ಲ ಮರಿಯಣ್ಣ. ಬಾವಿ ನೋಡ್ಕೋತೀನಿ."

ಮರಿಯಣ್ಣ ಆಯಮ್ಮನ ಕೈ ನೋಡಿದ. ತನ್ನ ಬಾಯಿಗೆ ಗಂಜಿ ಹಾಕಿದ ಕೈ ಅದು. ಜಟಕಾ ಕಳಿಸಿದವನು ತಾನು, ಆ ಪಾಪದಲ್ಲಿ ತನಗೂ ಪಾಲಿದೆ. ಇಬ್ಬರ ಪಾಪವೂ ಒಟ್ಟಿಗೇ ಮುಚ್ಚಿಹೋಗಲಿ ಎಂದು ಆ ಗಳಿಗೆಯಲ್ಲಿ ಅನ್ನಿಸಿತು. ಒಳಗೆ ಮಲಗಿದ್ದವಳ ನೆನಪು ಆ ಗಳಿಗೆಯಲ್ಲಿ ಬರಲಿಲ್ಲ. ಬಂದಿದ್ದರೆ ಏನು ಮಾಡುತ್ತಿದ್ದನೋ, ಅವನಿಗೇ ಗೊತ್ತು.

ಶಂಭುಲಿಂಗಪ್ಪನವರು ಅಂಗಡಿಯಿಂದ ಓಡಿ ಬಂದರು. ಸುದ್ದಿ ಕೇಳಿ, ಗಾಡಿ ಇವತ್ತೂ ನಿಂತಿತ್ತಾ ಎಂದು ಕೇಳಿದರು. ನಿಂತಿತ್ತು ಎಂದ ಮರಿಯಣ್ಣ. ಯಾಕೆ ಎಂದು ಕೇಳಿದರು.

"ಗೊತ್ತಾಗ್ಲಿಲ್ಲ ಸ್ವಾಮಿ."

ಯಜಮಾನರು ಹಣ ಕಟ್ಟಲು ಹೊರಟರು. ಪಕ್ಕದಲ್ಲಿದ್ದ ಮಗ ಹೆಂಡತಿ ಮಲಗಿದ್ದ ಕೋಣೆಯ ಬಾಗಿಲ ತನಕ ಹೋದವನು ಒಳಗೆ ಕಾಲಿಡದೆ ಹಿಂದಕ್ಕೆ ಬಂದ.

ಬಾಣಂತನಕ್ಕೆಂದು ಮಗುವಿಲ್ಲದ ಬಾಣಂತಿಯನ್ನು ತವರಿಗೆ ಕಳಿಸುವುದೆಂದಾಯಿತು. ಯಾವಾಗ ಕರೆಸಿಕೊಳ್ಳುತ್ತಾರೆ ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳ ಟ್ರಂಕು ಹೊರಗೆ ಬಂತು, ತವರಿನಿಂದ ತಂದಿದ್ದ ಪಾತ್ರೆಗಳೂ ಮೂಟೆ ಕಟ್ಟಿ ಹೊರಗೆ ಬಂದವು. ಅಷ್ಟು ಕಂಡ ಮೇಲೆ ಮರಿಯಣ್ಣನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊರಡುವಾಗ ದಾಕ್ಷಾಯಣಮ್ಮ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಗಾಡಿಗೆ ವಿಭೂತಿ ಹಚ್ಚುವವರಿರಲಿಲ್ಲ.

ಗಾಡಿಯಲ್ಲಿ ಅವರಿಬ್ಬರೇ ನೆಲಮಂಗಲ ದಾಟಿದರು. ಊರಿನ ಮನೆಗಳು ಹಿಂದಾದ ಮೇಲೆ ಸರ್ವಮಂಗಳಾ ಕಿಟಕಿಯಿಂದ ಕಣ್ಣು ತೆಗೆಯದೆಯೇ ಹೇಳಿದಳು.

"ಮುಚ್ಚಳದ ವಿಷಯ ನಾನು ನಮ್ಮನೆಯವರಿಗೆ ಹೇಳ್ದೆ. ನಂಬಲಿಲ್ಲ. ಮರಿಯಣ್ಣನ್ನ ಕೇಳಿ, ಅವನು ಸುಳ್ಳು ಹೇಳಲ್ಲ ಅಂದೆ. ಆಗಲೇ ಕೇಳಾಯ್ತು, ಅವನಿಗೂ ಗೊತ್ತಿಲ್ಲವಂತೆ ಅಂದ್ರು."

ಮರಿಯಣ್ಣ ಗಾಡಿಯ ವೇಗ ತಗ್ಗಿಸಿದ. ದಾರಿ ಕಾಣದ ಹಾಗೆ ಕಣ್ಣು ತುಂಬಿಕೊಂಡಿತು. ಈಗಲೇ ಗಾಡಿ ತಿರುಗಿಸ್ತೀನಿ, ಯಜಮಾನರ ಕಾಲು ಹಿಡಿದು ಎಲ್ಲಾ ಹೇಳಿಬಿಡ್ತೀನಿ ಎಂದು ತೊದಲಿದ.

"ಮೊನ್ನೆ ಸೋಮವಾರ ಹೆಣ್ಣಿನ ಮನೆಯವರ ಜೊತೆ ವೀಳ್ಯ ಬದಲಾಯಿಸಿಕೊಂಡ್ರು ಮರಿಯಣ್ಣ. ಈಗ ದಾಟಿ ಬಂದ್ವಲ್ಲ, ಅದೇ ಊರಲ್ಲಿ. ಬಸ್ಸಲ್ಲಿ ಹೋಗಿದ್ರು, ಅತ್ತೆಯವರೂ ಇದ್ರು. ನೀನು ಮುಂದೆ ನೋಡ್ಕೊಂಡು ಓಡಿಸು."

ಅವನು ಮುಂದೆ ನೋಡಿಕೊಂಡು ಓಡಿಸಿದ. ಗಾಡಿ ಹದವಾಗಿ, ಒಂದೇ ದನಿಯಲ್ಲಿ ಓಡುತ್ತಿತ್ತು. ಎಲ್ಲಾದರೂ ನಿಲ್ಲಲಿ, ಕೆಟ್ಟು ಹೋಗಲಿ, ಚಕ್ರ ಕಳಚಿ ಬೀಳಲಿ ಎಂದು ಮರಿಯಣ್ಣ ದಾರಿಯುದ್ದಕ್ಕೂ ಬೇಡಿಕೊಂಡ. ದಾಬಸ್‌ಪೇಟೆ ಬಂತು, ಕ್ಯಾತ್ಸಂದ್ರ ಬಂತು, ತುಮಕೂರೂ ಬಂತು.

ಅವಳ ಅಪ್ಪ ಬಾಗಿಲಲ್ಲೇ ಕಾದು ನಿಂತಿದ್ದರು. ಮಗಳನ್ನು ಕೈಹಿಡಿದು ಇಳಿಸಿಕೊಂಡರು. ಕಾರಿನ ಮೇಲೆ ಕಟ್ಟಿದ್ದ ಪಾತ್ರೆಯ ಮೂಟೆ ನೋಡಿದರು, ಏನು ಕೇಳಬೇಕೆಂದು ತೋಚದೆ, ದಾರಿಯಲ್ಲಿ ಗಾಡಿ ಎಲ್ಲಾದರೂ ತೊಂದರೆ ಕೊಟ್ಟಿತೇನಪ್ಪ ಎಂದು ಮರಿಯಣ್ಣನನ್ನು ಕೇಳಿದರು. ಅವನು ಮೂಟೆಯ ಹಗ್ಗ ಬಿಚ್ಚತೊಡಗಿದ. ಸರ್ವಮಂಗಳೆಯೇ ಉತ್ತರ ಕೊಟ್ಟಳು.

"ಇಲ್ಲ ಅಪ್ಪಯ್ಯ. ಎಲ್ಲೂ ನಿಲ್ಲಲಿಲ್ಲ."